ಸುಣ್ಣಕಲ್ಲಿಗೆ ನೀರು ಬಿದ್ದ ಪ್ರಕರಣ

ಚಾಮರಾಜಪೇಟೆಯ ಪ್ರಾಚೀನ ಶಿಲಾ ಭಂಡಾರದ ಸ್ಟೋರ್‌ಕೀಪರ್ ಶೀನಣ್ಣನವರು ತಿಂಗಳ ಕೊನೆಗೆ ನಿವೃತ್ತರಾಗತಕ್ಕದ್ದೆಂದೂ, ಅದಕ್ಕೆ ಮುನ್ನ ತಮ್ಮ ವಶದಲ್ಲಿರುವ ಸಮಸ್ತ ಕಲ್ಲುಗಳನ್ನು ದಾಖಲೆಯಲ್ಲಿರುವ ಸ್ಥಿತಿಯಲ್ಲೇ ಒಪ್ಪಿಸತಕ್ಕದ್ದೆಂದೂ ಆದೇಶವಾಗಿತ್ತು. ಮುನ್ನೂರ ಹನ್ನೊಂದು ಕಲ್ಲು ಸರಿಹೋದವು. ಉಳಿದ ಒಂದು ಕೈಕೊಟ್ಟಿತು.

ಅದು ಸುಣ್ಣಕಲ್ಲು, ವಯಸ್ಸು ನೂರು ಕೋಟಿ ವರ್ಷ. ಭಂಡಾರದ ವಿಜ್ಞಾನಿ ಯಮುನಾ ಅದರಿಂದ ಚಿಟಿಕೆ ಪುಡಿ ಕೆರೆದು, ಐಸೊಟೋಪ್ ಅಳೆಯುವ ಯಂತ್ರಕ್ಕೆ ಕೊಟ್ಟು, ವರದಿ ಬರೆದಿದ್ದಳು: ಕಲ್ಲಿನೊಳಗಿನ ಕಾರ್ಬನ್ ಹಳೇ ಸಮುದ್ರದ್ದೇ, ಇದ್ದ ಹಾಗೇ ಇದೆ, ಆಕ್ಸಿಜನ್ ಮಾತ್ರ, ಸುಮಾರು ಅರವತ್ತು ಕೋಟಿ ವರ್ಷದ ಹಿಂದೆ ಮಳೆನೀರು ಇಳಿದು, ಬದಲಾಗಿದೆ. ಪಾಪ, ಒಳ್ಳೇ ಹುಡುಗಿ. ನಿಜ ಬರೆದರೆ ಯಾರ ಬುಡಕ್ಕೆ ಬರುತ್ತದೆಂದು ಅವಳಿಗೇನು ಗೊತ್ತು?

ನಿರ್ದೇಶಕ ದೊರೆಸ್ವಾಮಿ ಶೀನಣ್ಣನನ್ನು ಕರೆಸಿದರು.

“ಕಲ್ಲಿಗೆ ನೀರು ಹೇಗ್ರೀ ಬಿತ್ತು?”

“ಸಾರ್, ಅದು ಅರವತ್ತು ಕೋಟಿ ವರ್ಷದ ಹಿಂದೆ.”

“ಯಾವಾಗ ಅಂತ ಕೇಳ್ಲಿಲ್ಲ. ಹೇಗೆ ಅಂದೆ.”

ಯಮುನಾ ನಡುವೆ ಬಂದಳು. “ಸಾರ್, ಕಾರ್ಬನ್ ಸರಿಯಾಗೇ ಇದೆ...”

“ಕಾರ್ಬನ್ ಬಗ್ಗೆ ಕಚೇರಿಗೆ ತಕರಾರಿಲ್ಲಮ್ಮ. ಆಕ್ಸಿಜನ್ನಿಗೆ ಯಾರು ಇನ್‌ಚಾರ್ಜು?”

ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆ ಸ್ಟೋರ್‌ಕೀಪರ್ ಇದ್ದಾನೆಂದೇ ಭಾವಿಸತಕ್ಕದ್ದು ಎಂಬುದು ಭಂಡಾರದ ಹದಿನಾಲ್ಕನೇ ನಿಯಮ.

ಎತ್ತು ಈಯ್ತು ಅಂದರೆ ಕೊಟ್ಟಿಗೇಲಿ ಕಟ್ಟು ಅನ್ನುವ ಕಚೇರಿ ಅದು. ವಿಚಾರಣೆ ಶುರುವಾಯಿತು. ಸದರಿ ಮಳೆಯ ಸಮಯದಲ್ಲಿ ತಾವು ಡ್ಯೂಟಿಯಲ್ಲಿರಲಿಲ್ಲವೆಂದು ಶೀನಣ್ಣ ರುಜುವಾತು ಮಾಡಬೇಕಿತ್ತು. ಜನನ ಪತ್ರ ಕೊಟ್ಟರು. ‘ಇದು ಹುಟ್ಟಿದ್ದಕ್ಕೆ ಪುರಾವೆಯೇ ಹೊರತು ಅದಕ್ಕೆ ಮುಂಚೆ ಇರಲಿಲ್ಲ ಎಂಬುದಕ್ಕಲ್ಲ’ ಎಂದು ಷರಾ ಬಿತ್ತು. ಹಾಜರಿ ಪುಸ್ತಕ ತೆಗೆಸಿದರೆ, 1987ಕ್ಕೆ ಹಿಂದಿನದೆಲ್ಲ ಗೆದ್ದಲು ತಿಂದಿತ್ತು. ಆದ್ದರಿಂದ ಗೈರುಹಾಜರಿ ಸಾಬೀತಾಗಲಿಲ್ಲ.

ಹನುಮಂತನಗರದ ಮನೆಯಲ್ಲಿ ಶೀನಣ್ಣ ಅನ್ನ ಕಲಸುತ್ತಲೇ ಕೂತರು. ಕಚೇರಿಯ ಬಿಡುಗಡೆ ಪತ್ರವಿಲ್ಲದೆ ನಿವೃತ್ತಿಯಿಲ್ಲ, ಪಿಂಚಣಿಯಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಮಾನ.

“ಮೂವತ್ತೆಂಟು ವರ್ಷ ಒಂದು ಚೂರು ಕಲ್ಲು ಕಳೀಲಿಲ್ಲ ಕಣೆ. ಈಗ ಕಳ್ಳನ ಥರ ನಿಲ್ಸಿದಾರೆ,” ಎಂದರು ಹೆಂಡತಿಗೆ.

ಅಲಮೇಲು ಇನ್ನೊಂದು ಸೌಟು ಸಾರು ಬಡಿಸಿದರು. “ಒಪ್ಕೊಂಡ್ಬಿಡಿ ಅತ್ಲಾಗೆ. ಮಾಡದ ತಪ್ಪನ್ನ ನಿಮ್ಮಮ್ಮನ ಹತ್ರ ನಾನು ಎಷ್ಟು ಸಲ ಒಪ್ಕೊಂಡಿಲ್ಲ? ಸತ್ತೋದ್ನಾ?”

ಮಾರನೇ ದಿನ ಶೀನಣ್ಣ ಬರೆದುಕೊಟ್ಟರು: ‘ಅರವತ್ತು ಕೋಟಿ ವರ್ಷದ ಹಿಂದೆ, ಮಳೆಗಾಲದಲ್ಲಿ, ಅಜಾಗರೂಕತೆಯಿಂದ ನಾನು ಸದರಿ ಕಲ್ಲಿಗೆ ಟಾರ್ಪಾಲು ಹೊದಿಸಿರುವುದಿಲ್ಲ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.’

ಎಚ್ಚರಿಕೆ ನೀಡಿ ಪ್ರಕರಣ ಮುಗಿಸಲಾಯಿತು. ಸಿಬ್ಬಂದಿ ಶಾಖೆಯೂ ಸುಮ್ಮನೆ ಕೂರಲಿಲ್ಲ. ಅಂದೇ ಕಲ್ಲು ವಶದಲ್ಲಿದ್ದ ಮೇಲೆ ಅಂದಿನಿಂದಲೇ ಸೇವೆ ಲೆಕ್ಕವಾಗಬೇಕಲ್ಲವೇ? ಸೇವಾ ಪುಸ್ತಕ ತಿದ್ದಿ ಮೊಹರು ಹಾಕಿದರು.

ಬೀಳ್ಕೊಡುಗೆಯ ದಿನ ಪೇಟ, ಶಾಲು, ಹಣ್ಣಿನ ಬುಟ್ಟಿ, ಬಿಡುಗಡೆ ಪತ್ರ ಎಲ್ಲ ಬಂದವು. ದೊರೆಸ್ವಾಮಿ ಶಾಲು ಹೊದಿಸಿ ಹೇಳಿದರು: “ಅರವತ್ತು ಕೋಟಿ ವರ್ಷದ ಸೇವೆ. ಒಂದೇ ಒಂದು ಸಣ್ಣ ಲೋಪ. ಇಂಥವರು ಈಗ ಸಿಗಲ್ಲ.”

ಚಪ್ಪಾಳೆ ಬಿತ್ತು. ಇಷ್ಟು ಒಳ್ಳೇ ಮಾತು ಶೀನಣ್ಣ ಆ ಕಟ್ಟಡದಲ್ಲಿ ಎಂದೂ ಕೇಳಿದ್ದವರಲ್ಲ. ಕಣ್ಣು ತುಂಬಿ ಬಂತು. ಮೈಕು ಹಿಡಿದು, ಕೆಮ್ಮಿ, ಮೆಲ್ಲಗೆ ಹೇಳಿದರು:

“ಆ ವರ್ಷ ಮಳೆ ಸ್ವಲ್ಪ ಜಾಸ್ತೀನೇ ಇತ್ತು ಸಾರ್.”

ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಯಮುನಾ ಅದನ್ನು ವರದಿಗೆ ಸೇರಿಸಲು ಬರೆದುಕೊಂಡಳು.