ಕಾಕಾನ ಕಲ್ಲು ಸಂಗೀತ

ನಮ್ಮ ಕಾಕಾನನ್ನು ಭೂಪಟದ ಮುಂದೆ ನಿಲ್ಲಿಸಿ ಅಮೆರಿಕ ತೋರಿಸು ಎಂದರೆ ಅವನ ಬೆರಳು ನೆಟ್ಟಗೆ ಆಫ್ರಿಕದ ಮೇಲೆ ಹೋಗಿ ಕೂರುತ್ತದೆ. ತಪ್ಪು ಎಂದು ಹೇಳಿ ನೋಡಿ! "ನೀ ಸುಮ್ಕಿರು. ಹಾಡು ಹುಟ್ಟಿದ್ದು ಇಲ್ಲೇ. ಮಂದೀನ್ನ ಬೇಡಿ ಹಾಕಿ ಹಡಗಿನಾಗ ಒಯ್ದರು, ಹಾಡೂ ಅವರ ಜೋಡಿ ಹೋತು" ಎನ್ನುತ್ತಾನೆ. ಅಮೆರಿಕದ ರಾಕ್ ಸಂಗೀತದ ಚರಿತ್ರೆಯನ್ನು ತಿರುಗಿಸಿದ ಹಾಡುಗಳ ಬಗ್ಗೆ ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿಲ್ಲ. ಅವನಿಂದಾಗಿ ತಲೆ ಕೆಟ್ಟವರು ಮಾತ್ರ ಮನೆತುಂಬ ಇದ್ದೇವೆ.

ಕಾಕಾ ಆಯುಷ್ಯವೆಲ್ಲ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷಿನ್ ನಡೆಸಿದವನು. ಒಮ್ಮೆ ಕಲ್ಲು ಖರೀದಿಗೆ ಬಂದ ವ್ಯಾಪಾರಿಯ ಕಾರಿನಲ್ಲಿ ಏನೋ ಕಿರ್ರೆಂದು ಅರಚುತ್ತಿತ್ತಂತೆ. ಇದೇನು ಎಂದು ಡ್ರೈವರನನ್ನು ಕೇಳಿದ. ಡ್ರೈವರ್ "ರಾಕ್" ಅಂದ. ರಾಕ್ ಅಂದರೇನು ಎಂದು ಕೇಳಿದ್ದಕ್ಕೆ "ಕಲ್ಲು" ಅಂದ. ಅಲ್ಲಿಗೆ ಕಾಕಾನ ಜನ್ಮ ಪಾವನವಾಯಿತು. ಆ ಗಿಟಾರಿನ ದನಿ ಥೇಟ್ ತನ್ನ ಮಷಿನ್ನಿನ ದನಿ! ಅಂದರೆ ಹಾಡುವವರೂ ಕಲ್ಲಿನ ಧಂದೆಯವರೇ ಎಂದು ಅವನು ತೀರ್ಮಾನಿಸಿಬಿಟ್ಟ. ಎಷ್ಟೋ ವರ್ಷಗಳ ಮೇಲೆ ನಾನು, ಇಲ್ಲಿ ರಾಕ್ ಎಂದರೆ ಕಲ್ಲಲ್ಲ, ತೂಗುವುದು ಎಂದು ತಿದ್ದಲು ಹೋದೆ. ಕಾಕಾ "ಹಂಗಾದ್ರ ಜೋಗುಳ ಅನ್ನು. ಬ್ಯಾಡ ಅಂದವರ‍್ಯಾರು?" ಎಂದು ಹಾಡಿನ ಪೆಟ್ಟಿಗೆಯ ಆವಾಜ್ ಇನ್ನಷ್ಟು ಏರಿಸಿದ. ಆ ಜೋಗುಳಕ್ಕೆ ಓಣಿಯ ಕೂಸುಗಳೆಲ್ಲ ಎದ್ದು ಕುಳಿತವು.

ಅವನದೊಂದು ಕಾಯಿದೆ ಇದೆ. ಹಾಡುಗಳನ್ನು ಹುಟ್ಟಿದ ಕ್ರಮದಲ್ಲೇ ಕೇಳಬೇಕು. ಮೊದಲು ಹತ್ತಿ ಹೊಲದಲ್ಲಿ ದುಡಿಯುತ್ತ ಹಾಡಿದ್ದು, ಆಮೇಲೆ ಚರ್ಚಿನಲ್ಲಿ ಚಪ್ಪಾಳೆ ತಟ್ಟಿ ಹಾಡಿದ್ದು, ಅದಾದ ಮೇಲೆ ಕರೆಂಟಿನ ಗಿಟಾರು. ನಡುವಿನಿಂದ ಶುರು ಮಾಡಿದರೆ ಅವನಿಗೆ ಊಟ ಸೇರುವುದಿಲ್ಲ. ಕಾಕಾನ ಮಗಳನ್ನು ನೋಡಲು ಚಿಂಚೋಳಿಯಿಂದ ಬೀಗರು ಬಂದಾಗಲೂ ಇದೇ ಕಾಯಿದೆ. ಹುಡುಗಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಕಾಕಾ ಇನ್ನೂ ಹತ್ತಿ ಹೊಲ ದಾಟಿಲ್ಲ. ಹುಡುಗನ ಅಪ್ಪ ಸಾಕಾಗಿ, "ಇದರ ಅರ್ಥ ಏನ್ರಿ?" ಎಂದು ಕೇಳಿದರು.

"ಅರ್ಥ ಕೇಳಬ್ಯಾಡ್ರಿ" ಅಂದ ಕಾಕಾ. "ಇಂಥಾದೇ ಒಂದು ಹಾಡಿನಾಗ ಏನ್ ಅಂದಾರಂತ ಅಲ್ಲಿ ಸರಕಾರದವರೇ ಇನ್ಕ್ವಾಯರಿ ಮಾಡ್ಯಾರ. ಅವರದೇ ಭಾಷಾ, ಅವರಿಗೇ ತಿಳೀಲಿಲ್ಲ. ನಮಗ್ಯಾಕ್ರಿ ಬೇಕು ಉಸಾಬರಿ?"

ಬೀಗರು ಎದ್ದು ಹೊರಡುವಾಗ ಹೇಳಿದರು: "ಹುಡುಗಿ ನಮಗ ಪಸಂದ್ ಅದಾಳ. ಮದ್ವಿ ಮಾತ್ರ ನಮ್ಮೂರಾಗ ಮಾಡೋಣ. ನೀವು ಎಲ್ಲಾರೂ ಬರ್ರಿ, ಆ ಹಾಡಿನ ಪೆಟ್ಟಿಗಿ ಒಂದು ಬಿಟ್ಟು ಬರ್ರಿ."

ಇನ್ನೊಮ್ಮೆ ವಾಡಿಯಲ್ಲಿ ನಾವಿಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿದೆವು. ಚಿತ್ತಾಪುರದಲ್ಲಿ ಇಳಿಯುವ ಕೆಲಸ. ರಾಕ್ ಸಂಗೀತದ ತಾಳ ರೈಲಿನ ಗಾಲಿಯಿಂದಲೇ ಬಂದದ್ದು ಎಂದು ತೋರಿಸಲು ಕಾಕಾ ಪಕ್ಕದವರ ಬುತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸತೊಡಗಿದ. ಚಿತ್ತಾಪುರ ಬಂತು, ಏಳು ಕಾಕಾ ಎಂದೆ. "ನಿಂದ್ರು, ಹಾಡು ಮುಗೀಲಿ" ಅಂದ. ಹಾಡು ಮುಗಿದಾಗ ಸೇಡಂ ಬಂದಿತ್ತು. ಡಬ್ಬಿಯ ಯಜಮಾನರೂ ಚಿತ್ತಾಪುರದಲ್ಲಿ ಇಳಿಯಬೇಕಾಗಿದ್ದವರು. ಡಬ್ಬಿ ಬಿಟ್ಟು ಹೇಗೆ ಇಳಿದಾರು, ಪಾಪ!

ಇಂಥವನ ಜೊತೆ ಬಾಳುವೆ ಮಾಡಿದವಳು ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಆಕೆಯ ದನಿ ಎಳೆ ಹುಡುಗಿಯ ದನಿಯಂತೆ ಸಣ್ಣ. ಮಾತು ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವುದಿಲ್ಲ. ಬಾವಿಗೆ ಬಿದ್ದ ಬೆಕ್ಕು, ತಂಗಿಯ ಸೊಸೆಯ ಬಾಣಂತನ, ರೊಟ್ಟಿ ಸುಡುವ ಹೆಂಚು ಬಿರುಕು ಬಿಟ್ಟದ್ದು, ಎಲ್ಲವನ್ನೂ ಗಂಡನಿಗೆ ಹೇಳಲೇಬೇಕು. ಕಾಕಾ ಆಕೆಯ ಮುಖವನ್ನೇ ನೋಡುತ್ತ ತಲೆಯಾಡಿಸುತ್ತಾನೆ. ಉತ್ತರ ಮಾತ್ರ ಬೇರೆ ಊರಿನದು.

"ಗಿರಣಿಗಿ ಹೋಗಿ ಹಿಟ್ಟು ಹಾಕಿಸ್ಕೊಂಡು ಬರ್ರಿ."

"ಹೌದ್ಹೌದು, ಈಗ ಬರೋ ಹಾಡಿನ ತುಂಡು ಭಾಳ ಛಲೋ ಅದ."

ಒಂದು ಸಲ ಆಕೆ ಸಂತೆಯಿಂದ ಪುಂಡಿ ಸೊಪ್ಪು ತರಲು ಹೇಳಿದಳು. ಕಾಕಾ ಹೋಗಿ ಉಂಡಿ ತಂದ, ಅದೂ ಬೇಸನ್ ಉಂಡಿ! ಪುಂಡಿಪಲ್ಯಕ್ಕೆಂದು ಬೇಳೆ ಬೇಯಿಸಿಟ್ಟಿದ್ದ ಚಿಗವ್ವ ಕೈಯಲ್ಲಿ ಉಂಡಿ ಹಿಡಿದು ಒಲೆಯ ಮುಂದೆ ಕುಳಿತದ್ದನ್ನು ನೋಡಿ ನಾವು ಹೊಟ್ಟೆ ಹಿಡಿದು ನಕ್ಕೆವು. ಹಾಡಿನ ಹುಚ್ಚಿನಲ್ಲಿ ಹೆಂಡತಿಯ ಮಾತು ಇವನಿಗೆ ಲೆಕ್ಕಕ್ಕೇ ಇಲ್ಲ ಎಂಬುದು ಬಂಧುಬಳಗದ ಒಮ್ಮತದ ಅಭಿಪ್ರಾಯವಾಗಿತ್ತು.

ಈ ಬೇಸಿಗೆಯಲ್ಲಿ ಕಾಕಾನಿಗೆ ತಲೆ ತಿರುಗತೊಡಗಿತು. ಚಿಗವ್ವ ಮತ್ತು ನಾನು ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಚಿಗವ್ವ ಹೊರಗಿನ ಬೆಂಚಿನಲ್ಲಿ ಕುಳಿತಳು, ನಾನು ಒಳಗೆ ಹೋದೆ. ಪರೀಕ್ಷೆಯಲ್ಲಿ ದಪ್ಪ ದನಿ ಬಂದಾಗ ಕಾಕಾ ಕೈ ಎತ್ತುತ್ತಿದ್ದ. ಸಣ್ಣ ದನಿ ಬಂದಾಗ ಅವನ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಕಲ್ಲಿನ ಮಷಿನ್ನಿನ ಮುಂದೆ ದುಡಿದವರಿಗೆ ಹೀಗೇ ಆಗುತ್ತದೆ, ಸಣ್ಣ ದನಿಗಳು ಮೊದಲು ಹೋಗುತ್ತವೆ, ಡ್ರಮ್ಮಿನಂಥವು ಉಳಿಯುತ್ತವೆ ಎಂದು ಡಾಕ್ಟರು ಹೇಳಿದರು. ಹೇಳಿ, ಚಿಗವ್ವನನ್ನು ಕರೆಯಲು ಹೊರಗೆ ಹೋದರು.

ಕಾಕಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಆಕಿಗಿ ಹೇಳಬ್ಯಾಡ್ರಿ ಅನ್ನು ಡಾಕ್ಟರಿಗಿ."

ನಾನು ಅವನ ಕಿವಿಗೆ ಬಾಯಿ ಹಚ್ಚಿ ಕೇಳಿದೆ. "ಯಾವಾಗಿಂದ ಹಿಂಗ ಆಗ್ಯದ, ಕಾಕಾ?"

"ಮಗಳ ಮದ್ವಿಕಿಂತ ಮುಂಚಿಂದು. ಹಾಡೋರ ದನಿ ಸುದ್ದಾ ಹೋಗ್ಯದ. ಡ್ರಮ್ ಬರ‍್ತದ, ಉಳದಿದ್ದು ನೆನಪಿನಾಗ ಕೇಳ್ತೀನಿ."

"ಮತ್ತ ಚಿಗವ್ವಗ ಯಾಕ ಹೇಳಲಿಲ್ಲ?"

"ಗೊತ್ತಾದ್ರ ಆಕಿ ಮಾತಾಡೋದೇ ಬಿಡ್ತಾಳ" ಅಂದ. "ಮಾತಾಡುವಾಗ ಆಕಿ ಮಾರಿ ಭಾಳ ಛಂದ ಇರ‍್ತದ. ಅದೊಂದಾದ್ರೂ ಇರಲಿ ಅಂತ ತಲಿ ಆಡಿಸಿಕೋತ ಕುಂತೆ."

ತಿರುಗಿ ನೋಡಿದರೆ ಚಿಗವ್ವ ಬಾಗಿಲಲ್ಲೇ ನಿಂತಿದ್ದಾಳೆ, ನಮ್ಮ ಮಾತೆಲ್ಲ ಆಕೆಯ ಕಿವಿಗೆ ಬಿದ್ದಿದೆ. ಡಾಕ್ಟರು ಆಕೆಯನ್ನು ಒಳಗೆ ಕರೆತಂದು ಉಳಿದದ್ದನ್ನೂ ಹೇಳಿಬಿಟ್ಟರು. ಕಿವಿಗೆ ಮಷಿನ್ ಹಾಕೋಣ, ಪೂರ್ತಿ ಹಿಂದಿನಂತೆ ಆಗಲಿಕ್ಕಿಲ್ಲ, ಎದುರಿಗೆ ಕುಳಿತು ಸಾವಕಾಶ ಮಾತಾಡಿರಿ ಎಂದರು.

ಶಹಾಬಾದಿನವರೆಗೂ ಆಕೆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಳು. ಹುಟ್ಟಿದಾಗಿನಿಂದ ಆಕೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಕಾಕಾ ಆಗಾಗ ಬಗ್ಗಿ ಆಕೆಯ ತುಟಿ ನೋಡುತ್ತಿದ್ದ. ತುಟಿ ಅಲ್ಲಾಡಲಿಲ್ಲ. ಅವನು ಹೆದರಿದ್ದು ಆಗಿಯೇಹೋಯಿತು ಎಂದುಕೊಂಡೆ. ಮನೆಗೆ ಬಂದ ಮೇಲೂ ಅವನು ಹಾಡು ಹಚ್ಚಲಿಲ್ಲ, ಅಂಗಿಯನ್ನೂ ಕಳಚದೆ ಕುರ್ಚಿಯಲ್ಲಿ ಕುಳಿತುಬಿಟ್ಟ.

ಚಿಗವ್ವ ಕೈಕಾಲು ತೊಳೆದು ಬಂದಳು. ಒಂದು ಮಣೆ ಎಳೆದು ಅವನ ಮೊಣಕಾಲಿಗೆ ತಾಗುವಂತೆ ಕುಳಿತಳು. ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ಇಲ್ಲಿ ನೋಡ್ರಿ" ಎಂದಳು, ಒಂದೊಂದೇ ಮಾತು ಬಿಡಿಸಿ. "ಮಗಳ ಮದ್ವಿಕಿಂತ ಮುಂಚಿಂದ ನಾ ಏನೇನ್ ಹೇಳೀನಿ, ಎಲ್ಲಾ ಮತ್ತ ಹೇಳ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಕಾಕಾ ತಲೆಯಾಡಿಸಿದ. ನಾನು ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದೆ. ಒಳಗೆ ಚಿಗವ್ವ ಬಾವಿಗೆ ಬಿದ್ದ ಬೆಕ್ಕಿನಿಂದ ಶುರು ಮಾಡಿದ್ದಳು.