ಹಡಗಿನ ಆಸಿಡ್, ಗುಡ್ಡದ ಚಗಳಿ

ಕಾನೂನು ಬರೆಯುವವರು ಘಟ್ಟದ ಕೆಳಗೆ, ಅದನ್ನು ಪಾಲಿಸುವವರು ಘಟ್ಟದ ಮೇಲೆ ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ಎನ್ನುವುದು ಆ ಹೊತ್ತಿಗೆ ಮಾತ್ರ ತಿಳಿಯುವುದಿಲ್ಲ.

ಅರವತ್ತರ ದಶಕದಲ್ಲಿ ನಾನು ಮಂಗಳೂರು ಬಂದರಿನ ಒಬ್ಬ ಕ್ಲಿಯರಿಂಗ್ ಏಜೆಂಟರ ಹತ್ತಿರ ಗುಮಾಸ್ತನಾಗಿದ್ದೆ. ಹೊರದೇಶದಿಂದ ಬಂದ ಸರಕನ್ನು ಕಸ್ಟಮ್ಸ್‌ನವರ ಕೈಯಿಂದ ಬಿಡಿಸಿ ಯಜಮಾನರಿಗೆ ಮುಟ್ಟಿಸುವುದು ನಮ್ಮ ಕೆಲಸ. ನಾನು ತೀರ್ಥಹಳ್ಳಿಯವನು ಎಂಬ ಒಂದೇ ಕಾರಣಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ಕಡೆಯ ಗಿರಾಕಿಗಳನ್ನು ನನ್ನ ತಲೆಗೆ ಕಟ್ಟಿದ್ದರು; ಊರಿನ ಮನೆಗೂ ಬಂದರಿಗೂ ಓಡಾಡಿಕೊಂಡಿದ್ದೆ. ಒಂದು ವರ್ಷ ಒಂದೇ ಹಡಗಿನಲ್ಲಿ ಮೂರೂ ಕಡೆಯವರ ಆಸಿಡ್ ಬಂದಿತು. ಸಾಗರದ ಬ್ಯಾಟರಿ ಅಂಗಡಿಗೆ ಒಂದಷ್ಟು, ತೀರ್ಥಹಳ್ಳಿಯ ಹೈಸ್ಕೂಲಿನ ಪ್ರಯೋಗಶಾಲೆಗೆ ಒಂದಷ್ಟು, ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಹತ್ತಿರದ ಗೌಡರೊಬ್ಬರಿಗೆ ಒಂದಷ್ಟು.

ಈ ಗೌಡರದ್ದೇ ನಿಜವಾದ ಸಂಕಟ. ಅಣ್ಣನ ಮಾತು ಮೀರಿ ಮನೆಯ ಗುಡ್ಡದಲ್ಲಿ ರಬ್ಬರ್ ನೆಟ್ಟಿದ್ದರು. ಮರವೇನೋ ಹಾಲು ಕೊಡಲು ಶುರುಮಾಡಿತ್ತು. ಆದರೆ ಆ ಹಾಲು ಸರಿಯಾಗಿ ಹೆಪ್ಪುಗಟ್ಟಿ ಶೀಟಾಗಬೇಕಾದರೆ ಫಾರ್ಮಿಕ್ ಆಸಿಡ್ ಬೇಕು. "ಯುಗಾದಿ ಒಳಗೆ ಒಂದು ಶೀಟಾದ್ರೂ ತೋರ್ಸು. ಇಲ್ಲಾಂದ್ರೆ ಅಷ್ಟೂ ಮರ ಕಡಿಸ್ತೀನಿ" ಎಂದು ಅಣ್ಣ ಹೇಳಿಯಾಗಿತ್ತು. ಗುಡ್ಡ ಅಣ್ಣನ ಹೆಸರಿನಲ್ಲಿತ್ತು, ಅವರು ಆಡಿದ ಮಾತು ತಪ್ಪುವವರೂ ಅಲ್ಲ. ತಮ್ಮ ಗೌಡರು ಆಗಾಗ ಬಸ್ಸು ಹತ್ತಿ ಬಂದು ನನ್ನ ಮನೆಯ ಜಗಲಿಯಲ್ಲಿ ಕೂತು, "ಬಂತಾ ಗುಮಾಸ್ತ್ರೆ?" ಎಂದು ಕೇಳುತ್ತಿದ್ದರು. ನನಗೆ ಅವರ ಮುಖ ನೋಡಲು ಕಷ್ಟವಾಗುತ್ತಿತ್ತು.

ಕುಂಕುಮ ಇಟ್ಟ ಅಪಾಯ

ಮೊದಲು ಬಿಡುಗಡೆಯಾಗಿದ್ದು ಸಾಗರದ ಪಾಲು. ಆಸಿಡ್ ತುಂಬಿದ ಪೆಟ್ಟಿಗೆಯ ಮೇಲೆ ತಲೆಬುರುಡೆಯ ಚಿತ್ರ ಇರಲೇಬೇಕು ಎಂದು ನಿಯಮ. ಸಮುದ್ರದ ನೀರು ಬಡಿದು ಚಿತ್ರ ಅಳಿಸಿಹೋಗಿತ್ತು. "ಹೊಸತಾಗಿ ಬರೆಸಿ, ಆಮೇಲೆ ಮುಂದಿನ ಮಾತು" ಎಂದರು ಕಸ್ಟಮ್ಸ್ ಅಧಿಕಾರಿ.

ನಾನು ನಮ್ಮೂರಿನ ಬೋರ್ಡು ಬರೆಯುವವನನ್ನು ಬಂದರಿಗೆ ಕರೆದುಕೊಂಡು ಹೋದೆ. ಅವನು ಬಸ್ಸಿನ ಹಣೆಯ ಮೇಲೆ ದೇವರ ಹೆಸರು ಬರೆದು ಪಳಗಿದವನು. ಬಹಳ ಶ್ರದ್ಧೆಯಿಂದ ಬುರುಡೆ ಬರೆದ, ಕೆಳಗೆ ಎರಡು ಎಲುಬು ಬರೆದ. ಕೊನೆಗೆ ಕೆಂಪು ಬಣ್ಣ ಅದ್ದಿ ಪ್ರತಿಯೊಂದು ಬುರುಡೆಯ ಹಣೆಗೂ ದುಂಡಗೆ ಕುಂಕುಮ ಇಟ್ಟುಬಿಟ್ಟ.

"ಇದೆಂತ ಮಾಡಿದ್ಯೋ?" ಎಂದೆ.

"ಬೋಳು ಹಣೆ ಬರ್ದು ನಂಗೆ ಅಭ್ಯಾಸ ಇಲ್ಲ ಸ್ವಾಮಿ. ಮನೇಲಿ ಮಕ್ಳು ಮರಿ ಇದಾವೆ" ಎಂದ.

ಅಧಿಕಾರಿ ಪೆಟ್ಟಿಗೆಯ ಸುತ್ತ ಬಂದು ನೋಡಿದರು. ಚಿತ್ರ ಇರಬೇಕು ಎಂದು ನಿಯಮದಲ್ಲಿತ್ತೇ ಹೊರತು ಕುಂಕುಮ ಇರಬಾರದು ಎಂದು ಇರಲಿಲ್ಲ. ಬಿಟ್ಟರು. ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಧೊಪ್ಪನೆ ಎತ್ತಿ ಹಾಕುವ ಸಾಗರದ ಹಮಾಲಿಗಳು ಈ ಸಲ ಲಾರಿಯ ಹತ್ತಿರ ಬಂದು ಬುರುಡೆಯ ಕುಂಕುಮ ನೋಡಿದರು. ಆಮೇಲೆ ಎಲ್ಲರೂ ಚಪ್ಪಲಿ ಬಿಟ್ಟು, ಕೈಮುಗಿದು, ಮಗುವನ್ನು ಎತ್ತುವಂತೆ ಎತ್ತಿ ಇಳಿಸಿದರು. ಒಂದು ಜಾಡಿಯೂ ಒಡೆಯಲಿಲ್ಲ. ಬ್ಯಾಟರಿ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು, "ಮುಂದಿನ ಸಲ ಗಾಜಿನ ಸಾಮಾನಿಗೂ ಇದೇ ದೇವರನ್ನ ಬರೆಸಿ" ಎಂದರು.

ರಫ್ತಾಗದ ಜಾಡಿ

ತೀರ್ಥಹಳ್ಳಿಯ ಪಾಲು ಬಿಡಿಸುವುದು ಸುಲಭವಾಯಿತು. ಕಷ್ಟ ಶುರುವಾಗಿದ್ದು ಆಮೇಲೆ. ಪ್ರಯೋಗಶಾಲೆಯ ಆಸಿಡ್ ಬಂದದ್ದು ದಪ್ಪ ಪಿಂಗಾಣಿ ಜಾಡಿಗಳಲ್ಲಿ. ಜಾಡಿಗೆ ಸುಂಕ ಬೇಡ, ಆದರೆ ಖಾಲಿ ಮಾಡಿ ಇಂತಿಷ್ಟು ತಿಂಗಳೊಳಗೆ ಬಂದ ದೇಶಕ್ಕೇ ವಾಪಸು ರಫ್ತು ಮಾಡಬೇಕು ಎಂದು ಷರತ್ತು. ಸೈನ್ಸ್ ಮೇಷ್ಟ್ರು ಆಸಿಡ್ಡನ್ನು ಶಾಲೆಯ ಬಾಟಲಿಗಳಿಗೆ ಬಗ್ಗಿಸಿ, ಜಾಡಿಗಳನ್ನು ಸೋಡಾ ಹಾಕಿ ತೊಳೆದು ಮನೆಯಲ್ಲಿಟ್ಟಿದ್ದರು.

ನಾನು ಜಾಡಿ ಕೇಳಲು ಹೋದಾಗ ಮೇಷ್ಟ್ರು ಒಳಗೆ ನೋಡಿದರು. ಒಳಗಿನಿಂದ ಅವರ ಹೆಂಡತಿ ಬಂದರು.

"ಜಾಡಿ ಈಗ ಕೊಡಕ್ಕಾಗಲ್ಲ. ಮಾವಿನ ಮಿಡಿ ಹಾಕಿದೀನಿ" ಎಂದರು.

"ಅಮ್ಮ, ಅದು ಸರ್ಕಾರದ ಲೆಕ್ಕದ ಜಾಡಿ. ಹಡಗು ಹತ್ತಬೇಕು."

"ಹತ್ತಲಿ, ಬೇಡ ಅಂದೋರ್ಯಾರು? ಮಿಡಿ ಉಪ್ಪಲ್ಲಿ ಮುರುಟಬೇಕು, ಖಾರ ಹಾಕಬೇಕು, ಅದು ಕೂರಬೇಕು. ಈಗ ಕೈ ಹಾಕಿದ್ರೆ ಬೂಸ್ಟು ಬರತ್ತೆ. ಹಡಗಿನೋರಿಗೆ ಅಷ್ಟು ತಿಳಿಯಲ್ವಾ?"

ನಾನು ಮಂಗಳೂರಿಗೆ ಹೋಗಿ ಅವಧಿ ವಿಸ್ತರಿಸಲು ಅರ್ಜಿ ಕೊಟ್ಟೆ. ಸುಳ್ಳು ಬರೆಯಲಿಲ್ಲ. "ಜಾಡಿಯೊಳಗಿನ ಕ್ರಿಯೆ ಇನ್ನೂ ಪೂರ್ಣಗೊಂಡಿಲ್ಲ" ಎಂದು ಬರೆದೆ. ಅಧಿಕಾರಿ ಓದಿ, "ಎಂಥ ಕ್ರಿಯೆ?" ಎಂದು ಕೇಳಿದರು. "ಉಪ್ಪು ನೀರು ಬಿಡ್ತಾ ಇದೆ ಸಾರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರೂ ಊಟ ಮಾಡುವ ಮನುಷ್ಯರೇ. ಅವಧಿಯನ್ನು ಮಳೆಗಾಲದ ತನಕ ಮುಂದೆ ಹಾಕಿ, ಕಾಗದದ ಮೇಲೆ ರುಜು ಹಾಕುತ್ತಾ ಗಂಭೀರವಾಗಿ ಹೇಳಿದರು: "ಜಾಡಿ ಖಾಲಿ ಮಾಡುವಾಗ ಒಳಗಿದ್ದ ವಸ್ತುವನ್ನು ಸ್ವಲ್ಪ ಇಲ್ಲಿಗೆ ತನ್ನಿ ಮಾರಾಯ್ರೆ. ಸ್ಯಾಂಪಲ್ ಪರೀಕ್ಷೆ ಕಡ್ಡಾಯ."

ಇಲ್ಲ ಎನ್ನಲು ಬಾರದ ಗೌಡರು

ಉಳಿದದ್ದು ರಿಪ್ಪನ್‌ಪೇಟೆಯ ಗೌಡರ ಫಾರ್ಮಿಕ್ ಆಸಿಡ್. ಅದು ಬಂದರಿನ ಗೋದಾಮಿನಲ್ಲೇ ಕೂತಿತ್ತು. ಈ ವಸ್ತು ನಮ್ಮಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸುವುದು ಅಗತ್ಯ ಎಂದು ಕೈಗಾರಿಕೆ ಇನ್ಸ್‌ಪೆಕ್ಟರು ಸ್ಥಳ ನೋಡಿ ಬರೆದುಕೊಡಬೇಕು. ಆಮೇಲೆಯೇ ಬಿಡುಗಡೆ. ಇನ್ಸ್‌ಪೆಕ್ಟರು ಸಾಗರದಲ್ಲಿದ್ದರು. ಬಯಲುಸೀಮೆಯವರು, ಲಂಚ ಮುಟ್ಟದವರು, ಪ್ರತಿಯೊಂದನ್ನೂ ಪುಸ್ತಕ ಓದಿ ತಿಳಿದುಕೊಂಡೇ ಬರುವವರು. ಇಂಥವರೆಂದರೆ ನಮ್ಮ ಕಸುಬಿನವರಿಗೆ ಜೀವ ಬಾಯಿಗೆ ಬರುತ್ತದೆ.

ನಾನು ತಮ್ಮ ಗೌಡರಿಗೆ ಪಾಠ ಹೇಳಿಕೊಟ್ಟಿದ್ದೆ. "ಅವರು ಏನೇ ಕೇಳಲಿ, ಇಲ್ಲ ಅನ್ನಿ. ಸಾಕು."

"ಅಷ್ಟೇ ಅಲ್ದಾ? ಅಂತೀನಿ" ಎಂದಿದ್ದರು.

ನಾನು ಮರೆತದ್ದು ಒಂದೇ. ಆ ಮನೆಯಲ್ಲಿ ಬಂದವರ ಮುಂದೆ ಯಾರೂ ಯಾವತ್ತೂ ಇಲ್ಲ ಎಂದವರಲ್ಲ. ನೆಂಟರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಏನೇ ಕೇಳಿದರೂ ಎಲ್ಲಿಂದಲಾದರೂ ತಂದು ಬಡಿಸಿದ ಮನೆ ಅದು.

ಇನ್ಸ್‌ಪೆಕ್ಟರು ಗೌಡರ ಜಗಲಿಯಲ್ಲಿ ಕೂತು, "ಈ ಆಮ್ಲವನ್ನು ಮೊದಲು ಕಂಡುಹಿಡಿದದ್ದು ಕೆಂಪಿರುವೆಯಲ್ಲಿ. ಕಚ್ಚಿದಾಗ ಉರಿಯುತ್ತದಲ್ಲ, ಅದು ಇದೇ. ನಿಮ್ಮ ಕಡೆ ಆ ಇರುವೆ ಇದೆಯೇ?" ಎಂದು ಸಹಜವಾಗಿ ಕೇಳಿದರು.

ನಾನು ಕೆಮ್ಮಿದೆ. ಗೌಡರ ಮುಖ ಅರಳಿಬಿಟ್ಟಿತು.

"ಚಗಳಿಯಾ ಸ್ವಾಮಿ? ಎಂಥ ಮಾತು ಅಂತ ಕೇಳ್ತೀರಿ! ಗುಡ್ಡದ ತುಂಬ ಇದೆ. ಅತ್ತಿಗೆ, ಸಾಹೇಬ್ರಿಗೆ ಚಗಳಿ ಚಟ್ನಿ ತಗೊಂಡು ಬನ್ನಿ!"

ಮರದೆಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯೇ ಚಗಳಿ. ಹುರಿದು, ಮೆಣಸು ಉಪ್ಪು ಸೇರಿಸಿ ಅರೆದರೆ ಅದರ ಹುಳಿ ನೆತ್ತಿಗೇರುತ್ತದೆ. ಅಕ್ಕಿರೊಟ್ಟಿಯ ಜೊತೆ ಚಟ್ನಿ ಬಂತು. ಇನ್ಸ್‌ಪೆಕ್ಟರು ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು, ಪೆನ್ನು ತೆಗೆದು ಬರೆದರು: "ಸ್ಥಳೀಯವಾಗಿ ಹೇರಳವಾಗಿ ಲಭ್ಯ."

ಹೆಪ್ಪುಗಟ್ಟಿದ ಮೂಲೆ

ಗೌಡರಿಗೆ ತಾವು ಮಾಡಿಕೊಂಡದ್ದು ಆಮೇಲೆ ಅರ್ಥವಾಯಿತು. "ನನ್ನ ಮರಾನ ನಾನೇ ಕಡಿದ್ಹಾಗಾಯ್ತಲ್ಲ ಗುಮಾಸ್ತ್ರೆ" ಎಂದರು. ನಾನು ಇನ್ಸ್‌ಪೆಕ್ಟರ ಕೈಕಾಲು ಹಿಡಿಯುವುದೊಂದು ಬಾಕಿ. ಅವರು ನ್ಯಾಯವಂತರು. "ಸ್ಥಳೀಯ ವಸ್ತುವಿನಲ್ಲಿ ಮಾಡಿ ತೋರಿಸಿ. ಆಗದಿದ್ದರೆ ಬರೆದುಕೊಡುತ್ತೇನೆ" ಎಂದರು.

ಮಾಡಿದರೆ ಆಗುವುದಿಲ್ಲ ಎಂದು ನಾವು ನಂಬಿದ್ದೆವು. ಆಳುಗಳು ಮೈಗೆಲ್ಲ ಬೂದಿ ಬಳಿದುಕೊಂಡು ರಬ್ಬರ್ ಮರ ಹತ್ತಿ ಎಲೆ ಹೊಲಿದ ಚಗಳಿ ಕೊಟ್ಟೆಗಳನ್ನು ಇಳಿಸಿದರು. ಅರೆದರು, ಸೋಸಿದರು, ರಬ್ಬರ್ ಹಾಲಿಗೆ ಹಾಕಿದರು. ಇನ್ಸ್‌ಪೆಕ್ಟರು, ತಮ್ಮ ಗೌಡರು, ನಾನು ಟ್ರೇ ಸುತ್ತ ಸಾವಿನ ಮನೆಯಲ್ಲಿ ಕೂತ ಹಾಗೆ ಕುಕ್ಕರಗಾಲಲ್ಲಿ ಕೂತೆವು. ದೇವರೇ, ಹೆಪ್ಪುಗಟ್ಟದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ರಬ್ಬರ್ ನೆಟ್ಟವರೂ ಅದನ್ನೇ ಬೇಡುತ್ತಿದ್ದರು.

ಒಂದು ಮೂಲೆ ಹೆಪ್ಪುಗಟ್ಟಿತು. ಅಂಗೈಯಗಲದ ರಬ್ಬರು, ತುಂಬ ಇರುವೆಯ ಕಾಲು.

ಇನ್ಸ್‌ಪೆಕ್ಟರಿಗೆ ಸಂತೋಷ ತಡೆಯಲಾಗಲಿಲ್ಲ. ಗೌಡರ ಕೈ ಕುಲುಕಿ ಹೇಳಿದರು: "ಶಹಬ್ಬಾಸ್! ಇರುವೆ ಸಾಲಲಿಲ್ಲ, ಅಷ್ಟೇ. ಇಡೀ ತಾಲ್ಲೂಕಿನದ್ದು ಒಟ್ಟುಮಾಡಿಸೋಣ."

ದೊಡ್ಡಗೌಡರು ಸಾಗರಕ್ಕೆ ಹೋದದ್ದು

ಯುಗಾದಿ ಹತ್ತಿರ ಬಂತು. ಊರವರೆಲ್ಲ ಸೇರಿ ಚಗಳಿ ಹಿಡಿಯುತ್ತಾ ಮನೆಯ ಗುಡ್ಡ ಮುಗಿಸಿ ಪಕ್ಕದ ಗುಡ್ಡಕ್ಕೆ ಕೈ ಹಾಕಿದ್ದರು. ಅಷ್ಟೂ ದಿನ ಅಣ್ಣ, ಅಂದರೆ ದೊಡ್ಡಗೌಡರು, ಈ ಇರುವೆಯ ಗೋಜಿಗೇ ಹೋಗಿರಲಿಲ್ಲ. ಮರ ಕಡಿಯುವವರಿಗೆ ಆಗಲೇ ಹೇಳಿಕಳಿಸಿದ್ದರು. ಒಂದು ಬೆಳಿಗ್ಗೆ ರೊಟ್ಟಿಯ ಮುಂದೆ ಕೂತು ಚಟ್ನಿ ಕೇಳಿದರು.

"ಚಗಳಿ ಎಲ್ಲಿದಾವೆ? ಎಲ್ಲಾ ಸರ್ಕಾರಕ್ಕೆ ಹೋಯ್ತು" ಎಂದರು ಅವರ ಹೆಂಡತಿ.

ದೊಡ್ಡಗೌಡರು ತಟ್ಟೆ ಬಿಟ್ಟು ಎದ್ದರು. ಮದುವೆಗೆ ಹಾಕುವ ಕರಿ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಸಾಗರದ ಬಸ್ಸು ಹತ್ತಿದರು. ತಮ್ಮನೂ ನಾನೂ ಹೆದರಿ ಹಿಂದಿನ ಸೀಟಿನಲ್ಲಿ ಕೂತೆವು.

ಇನ್ಸ್‌ಪೆಕ್ಟರ ಮೇಜಿನ ಮುಂದೆ ನಿಂತು ಅವರು ಹೇಳಿದರು: "ಸ್ವಾಮಿ, ಆ ಆಸಿಡ್ಡನ್ನ ಜರ್ಮನಿಯಿಂದಾದ್ರೂ ತರ್ಸಿ, ಜಪಾನಿಂದಾದ್ರೂ ತರ್ಸಿ. ನಮ್ಮ ಚಗಳಿ ಮುಟ್ಬೇಡಿ. ಅದು ತಿನ್ನೋ ವಸ್ತು."

"ತಿನ್ನೋದೇ? ಅವತ್ತು ಆಮ್ಲದ ಸ್ಯಾಂಪಲ್ ತೋರಿಸಿದರು ಅಂದುಕೊಂಡಿದ್ದೆ."

"ದಿನಾ ತಿಂತೀವಿ. ನೀವೂ ತಿಂದ್ರಲ್ಲ."

ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತು. ಬೆಳೆದ ಅಕ್ಕಿಯಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ಲೆವಿ ಅಳೆಯಬೇಕಿದ್ದ ಕಾಲ ಅದು. ದೇಶದಲ್ಲಿ ಊಟಕ್ಕೇ ತತ್ವಾರವಾಗಿರುವಾಗ ಆಹಾರ ಪದಾರ್ಥವನ್ನು ಕೈಗಾರಿಕೆಗೆ ಸುರಿದರು ಎಂದು ಯಾರಾದರೂ ಮೇಲೆ ಬರೆದರೆ ಅವರ ಗತಿ ಏನು! ಮೊದಲು ಬರೆದದ್ದನ್ನು ಹೊಡೆದುಹಾಕಿ, "ಸ್ಥಳೀಯ ಉತ್ಪನ್ನವು ಪೂರ್ತಿಯಾಗಿ ಜನರ ಆಹಾರಕ್ಕೆ ಬೇಕಾಗಿರುವುದರಿಂದ ಆಮದು ಅತ್ಯಗತ್ಯ" ಎಂದು ಬರೆದರು. ಆಮೇಲೆ ಇನ್ನೊಂದು ಕಾಗದ ಮುಂದಕ್ಕೆ ತಳ್ಳಿದರು.

"ಗುಡ್ಡ ನಿಮ್ಮ ಹೆಸರಲ್ಲಿದೆ. ಹೊರದೇಶದ ಹಣ ಖರ್ಚು ಮಾಡಿ ತರಿಸುವುದು. ನಾಳೆ ಮರ ಕಡಿದರೆ ಆಗುವುದಿಲ್ಲ. ಕಡಿಯುವುದಿಲ್ಲ ಎಂದು ನೀವು ರುಜು ಹಾಕಿದರೆ ಮಾತ್ರ ಇದು ನಡೆಯುತ್ತದೆ."

ದೊಡ್ಡಗೌಡರು ಕಾಗದವನ್ನು ನೋಡಿದರು, ಕಿಟಕಿಯ ಹೊರಗೆ ನೋಡಿದರು, ಬೆಳಗಿನಿಂದ ಹಸಿದ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡರು. ಆಮೇಲೆ ಪೆನ್ನು ಕೇಳಿ ರುಜು ಹಾಕಿದರು.

ಹೊರಗೆ ಬಂದಾಗ ತಮ್ಮ ಅಳುತ್ತಿದ್ದರು, ಮುಚ್ಚಿಟ್ಟುಕೊಳ್ಳಲೂ ಇಲ್ಲ. ಕಾಲಿಗೆ ಬಗ್ಗಿದವರನ್ನು ದೊಡ್ಡಗೌಡರು ತೋಳು ಹಿಡಿದು ಎತ್ತಿದರು. ನನ್ನ ಬಾಯಿ ತಡೆಯಲಿಲ್ಲ. "ಗೌಡ್ರೆ, ಮರ ಕಡಿಸ್ತೀನಿ ಅಂತ ಹೇಳಿದ್ರಲ್ಲ?" ಎಂದು ಕೇಳಿದೆ.

ಅವರು ರುಮಾಲು ಸರಿಮಾಡಿಕೊಂಡು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

"ಮರ ಕಡಿದ್ರೆ ಚಗಳಿ ಎಂತ ನಿನ್ನ ತಲೆ ಮೇಲೆ ಗೂಡು ಕಟ್ತಾವನಾ?"