ಹಲಗೆ ಜಗಲಿಗೆ ಶೇಂಗಾ ಎಣ್ಣೆ

ಹುಲಿ ಕಂಡರೆ ನನಗೆ ಹೆದರಿಕೆಯಿಲ್ಲ, ಏಕೆಂದರೆ ನಮ್ಮ ಆದೋನಿಯಲ್ಲಿ ಹುಲಿಯಿಲ್ಲ. ಇರುವುದಕ್ಕೆಲ್ಲ ಹೆದರುತ್ತೇನೆ: ಶಾಲೆಯ ಇನ್‌ಸ್ಪೆಕ್ಟರಿಗೆ, ಓಣಿಯ ನಾಯಿಗೆ, ಹಲ್ಲು ಕೀಳುವವನಿಗೆ. ಆದರೆ ಆ ವರ್ಷ ನನ್ನ ಜೀವ ಹಿಂಡಿದ್ದು ಒಂದು ಮರದ ಜಗಲಿ. ನಾವು ಬಾಡಿಗೆಗಿದ್ದ ಮಹಡಿಯ ಕೋಣೆಯ ಮುಂದೆ ಅದು ಬೀದಿಯ ಮೇಲೆ ಚಾಚಿಕೊಂಡಿತ್ತು. ಅದರ ಕೆಳಗೆ ಸರಿಯಾಗಿ ಮನೆಯ ಒಡತಿ ಈರಮ್ಮ ದಿನಾ ಬೆಳಿಗ್ಗೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮನೆ ಕೊಡುವಾಗಲೇ ಆಕೆ ಹೇಳಿದ್ದಳು: "ವರ್ಷಕ್ಕೊಮ್ಮಿ ಹಲಗಿಗೆ ಎಣ್ಣಿ ಕುಡಿಸ್ಬೇಕು ಮೇಷ್ಟ್ರೇ. ನಮ್ಮ ಮಾವನ ಕಾಲದ್ದು ಅದು."

ಆ ಕೆಲಸಕ್ಕೆ ಊರಲ್ಲಿದ್ದವನು ಹುಸೇನ್ ಸಾಬ. ಮೊದಲ ವರ್ಷ ಅವನು ಹಲಗೆ ಕೆರೆದು, ಬಿಸಿಲಿಗೆ ಬಿಟ್ಟು, ಕೆಮ್ಮಣ್ಣು ಕಲಸಿದ ಬಿಸಿ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತಿಕ್ಕಿದ. ನಾಲ್ಕು ದಿನ ಯಾರನ್ನೂ ಕಾಲಿಡಗೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ನನಗೆ, ಇದೇನು ಮಹಾ ವಿದ್ಯೆ, ಎಣ್ಣೆ ಮತ್ತು ಬಟ್ಟೆ ಎನ್ನಿಸಿತು. ಮರುವರ್ಷ ಅವನನ್ನು ಕರೆಯಲೇ ಇಲ್ಲ. ಹೊಳಗುಂದದ ಬೀಗರು ಕಳಿಸಿದ ಒಂದು ಡಬ್ಬ ಶೇಂಗಾ ಎಣ್ಣೆ ಮನೆಯಲ್ಲೇ ಇತ್ತು. ಧಾರಾಳವಾಗಿ ಸುರಿದು ತಿಕ್ಕಿದೆ.

ಎಣ್ಣೆ ನಾಲ್ಕು ದಿನಕ್ಕೂ ಒಣಗಲಿಲ್ಲ, ನಲವತ್ತು ದಿನಕ್ಕೂ ಒಣಗಲಿಲ್ಲ. ಬೀದಿಯ ಧೂಳೆಲ್ಲ ಬಂದು ಅಂಟಿತು, ಇರುವೆ ಮುತ್ತಿತು, ಮಳೆ ಬಿದ್ದ ಮೇಲೆ ಹಲಗೆ ಕಪ್ಪಗಾಯಿತು. ಒಂದು ದಿನ ಕಾಲಿಟ್ಟೆ, ಕಿರ್ ಎಂದಿತು. ಮತ್ತೆ ನಾನು ಕಾಲಿಡಲಿಲ್ಲ. ಅಂದಿನಿಂದ ಕೆಳಗೆ ಈರಮ್ಮನ ಬಿಳಿ ತಲೆ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹೇಳಿದರೆ ಮನೆ ಬಿಡಿಸುತ್ತಾಳೆ, ಹೇಳದಿದ್ದರೆ ಆಕೆಯ ತಲೆ ಹೋಗುತ್ತದೆ. ಕೊನೆಗೆ, "ಮೇಲೆ ಪಾರಿವಾಳ ಗಲೀಜು ಮಾಡ್ತಾವಮ್ಮ, ಆಚೆ ಕೂಡ್ರಿ" ಎಂದೆ. "ಬಿದ್ರ ಬೀಳ್ಲಿ ಬಿಡಪ್ಪ, ತೊಳಕೊಂಡ್ರಾತು" ಎಂದಳು. ಕದಲಲಿಲ್ಲ.

ಆರು ತಿಂಗಳು ಹೀಗೆ ನಡುಗಿ, ತಾಳಲಾರದೆ ಹುಸೇನ್ ಸಾಬನನ್ನು ಕರೆತಂದೆ. ಅವನು ಹಲಗೆಗೆ ಹೆಬ್ಬೆರಳು ಉಜ್ಜಿ ಮೂಸಿದ.

"ಮೇಷ್ಟ್ರೇ, ಮರಕ್ಕ ಒಗ್ಗರಣಿ ಹಾಕೀರೇನು? ಅಗಸಿ ಎಣ್ಣಿ ಒಣಗಿ ತೊಗಲಿನಂಗ ಆಗ್ತೈತಿ. ಶೇಂಗಾ ಎಣ್ಣಿ ಎಂದೂ ಒಣಗಂಗಿಲ್ಲ."

ಆಮೇಲೆ ದಬ್ಬಳ ತೆಗೆದು ಚುಚ್ಚುತ್ತ ಹೋದ. ಎರಡು ಹಲಗೆಗಳಲ್ಲಿ ಅದು ಹಿಡಿಯವರೆಗೂ ಇಳಿಯಿತು. ಒಳಗೆ ಮರ ಕೊಳೆತು ಮೆತ್ತಗಾಗಿತ್ತು.

"ಇದರ ಮ್ಯಾಲ ಯಾರಾರ ಅಡ್ಡಾಡ್ತಾರೇನು?"

"ಛೆ, ಆರು ತಿಂಗಳಿಂದ ಒಬ್ಬರೂ ಕಾಲಿಟ್ಟಿಲ್ಲ" ಎಂದೆ, ಜವಾಬ್ದಾರಿಯುಳ್ಳವನ ಗತ್ತಿನಲ್ಲಿ.

ಹಿಂದೆ ನನ್ನ ಹೆಂಡತಿ ಗಂಗಮ್ಮ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. "ಮತ್ತ ದಿನಾ ಇದರ ಮ್ಯಾಲ ಬಟ್ಟಿ ಒಣಹಾಕಾಕಿ ಯಾರ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಈರಮ್ಮನ ತಲೆಗಾಗಿ ನಾನು ನಡುಗಿದ ಅಷ್ಟೂ ದಿನ ಇವಳು ಆ ಹಲಗೆಗಳ ಮೇಲೆಯೇ ಓಡಾಡಿದ್ದಳು. ಅದು ನನ್ನ ಹೆದರಿಕೆಯ ಲೆಕ್ಕಕ್ಕೇ ಬಂದಿರಲಿಲ್ಲ. ನಾಚಿಕೆಯಾಯಿತು.

ಹುಸೇನ್ ಸಾಬ ಹಲಗೆ ಬದಲಿಸಿ, ಹಳೆಯ ಜಿಡ್ಡು ಕೆರೆದು, ಮೂರು ಸಲ ಅಗಸೆ ಎಣ್ಣೆ ಕುಡಿಸಿದ. ಈರಮ್ಮ ಬೈದಳು, ಆದರೆ ಮನೆ ಬಿಡಿಸಲಿಲ್ಲ. ಎಣ್ಣೆ ಒಣಗಿದ ದಿನ ಬುಟ್ಟಿಯನ್ನು ನಾನೇ ಎತ್ತಿಕೊಂಡೆ. ಹೊಸಿಲು ದಾಟಲು ಮಾತ್ರ ಕಾಲು ಏಳಲಿಲ್ಲ.

"ಮೊಳಿ ಹೊಡದಲ್ಲಿ ಕಾಲಿಡ್ರಿ" ಎಂದಳು ಗಂಗಮ್ಮ ಹಿಂದಿನಿಂದ. "ಅದರ ಕೆಳಗ ತೊಲಿ ಇರ್ತೈತಿ. ಅಂಜಿಕೊಂತ ಆರು ತಿಂಗಳು ನಾ ಹಂಗ ಅಡ್ಡಾಡೀನಿ."

ಆ ಆರು ತಿಂಗಳಲ್ಲಿ ಒಂದು ದಿನವೂ ನಾನು ಒದ್ದೆ ಧೋತರ ಉಟ್ಟು ಶಾಲೆಗೆ ಹೋಗಿರಲಿಲ್ಲ.